ಊರಿಗೆಲ್ಲ ಗೊತ್ತಿದ್ದ ಗುಟ್ಟು: ಕ್ಲೇರ್ ಕೀಗನ್ ಕಾದಂಬರಿಯ ಹಿನ್ನೆಲೆ

1985ರ ಕ್ರಿಸ್‌ಮಸ್ ಹೊತ್ತು. ಐರ್ಲೆಂಡಿನ ನ್ಯೂ ರಾಸ್ ಪಟ್ಟಣ. ಕಲ್ಲಿದ್ದಲು, ಸೌದೆ ಮಾರುವ ಬಿಲ್ ಫರ್ಲಾಂಗ್ ಬೆಳಗಿನ ಜಾವ ಲೋಡ್ ಇಳಿಸಲು ಕಾನ್ವೆಂಟಿಗೆ, ಅಂದರೆ ಕ್ರೈಸ್ತ ಸಂನ್ಯಾಸಿನಿಯರ ಮಠಕ್ಕೆ, ಹೋಗುತ್ತಾನೆ. ಕಲ್ಲಿದ್ದಲಿನ ಶೆಡ್ಡಿನ ಬಾಗಿಲು ತೆಗೆದರೆ ಒಳಗೆ ಒಬ್ಬಳು ಹುಡುಗಿ. ಆ ಚಳಿಯಲ್ಲಿ ಅವಳನ್ನು ಅಲ್ಲಿ ಕೂಡಿಹಾಕಿದ್ದಾರೆ.

ಐರ್ಲೆಂಡಿನ ಲೇಖಕಿ ಕ್ಲೇರ್ ಕೀಗನ್ 2021ರಲ್ಲಿ ಬರೆದ 'ಸ್ಮಾಲ್ ಥಿಂಗ್ಸ್ ಲೈಕ್ ದೀಸ್' ಕಾದಂಬರಿ ಇದು. ನೂರು ಚಿಲ್ಲರೆ ಪುಟ, ಅಷ್ಟೇ. 2022ರ ಬೂಕರ್ ಪ್ರಶಸ್ತಿಯ ಅಂತಿಮ ಪಟ್ಟಿಗೂ ಬಂತು. ಇದರ ಹಿಂದೆ ಇರುವುದು ಮ್ಯಾಗ್ಡಲೀನ್ ಲಾಂಡ್ರಿಗಳ ಚರಿತ್ರೆ. ಆಶ್ರಯಧಾಮದ ಹೆಸರಿನಲ್ಲಿ ಹೆಂಗಸರನ್ನು ಇಟ್ಟುಕೊಂಡು ಬಟ್ಟೆ ಒಗೆಸುತ್ತಿದ್ದ ಜಾಗಗಳು ಇವು.

ಈ ಬಗೆಯ ಮೊದಲ ಆಶ್ರಯಧಾಮ ಡಬ್ಲಿನ್‌ನಲ್ಲಿ ಶುರುವಾಗಿದ್ದು 1767ರಲ್ಲಿ. 'ದಾರಿ ತಪ್ಪಿದ' ಹೆಂಗಸರನ್ನು ತಿದ್ದುವುದು ಅದರ ಉದ್ದೇಶವಾಗಿತ್ತು. 1922ರಲ್ಲಿ ಹೊಸ ಐರಿಷ್ ಸರ್ಕಾರ ಬಂದಮೇಲೂ ಹತ್ತು ಲಾಂಡ್ರಿಗಳು ಉಳಿದವು. ಅವುಗಳನ್ನು ನಡೆಸಿದ್ದು ನಾಲ್ಕು ಕ್ಯಾಥೊಲಿಕ್ ಸಂನ್ಯಾಸಿನಿ ಪಂಥಗಳು. ಮದುವೆಯಾಗದೆ ತಾಯಿಯಾದವರು, ಅನಾಥ ಹುಡುಗಿಯರು, ಮನೆಯವರಿಗೆ ಬೇಡವಾದವರು ಅಲ್ಲಿಗೆ ಸೇರುತ್ತಿದ್ದರು. ಎಷ್ಟೋ ಜನರ ಹೆಸರನ್ನೂ ಬದಲಿಸುತ್ತಿದ್ದರು. ಹೋಟೆಲ್, ಆಸ್ಪತ್ರೆಗಳ ಬಟ್ಟೆ ಒಗೆಯುವ ಕೆಲಸ. ಕೂಲಿ ಮಾತ್ರ ಇಲ್ಲ.

ಊರಿಗೆ ಇದೆಲ್ಲ ಗೊತ್ತಿರಲಿಲ್ಲವೇ? ಗೊತ್ತಿತ್ತು. ಬಟ್ಟೆ ಕೊಟ್ಟವರು, ಕಲ್ಲಿದ್ದಲು ಮಾರಿದವರು ಊರಿನವರೇ ಅಲ್ವಾ? ಕೀಗನ್ ಕಣ್ಣಿಟ್ಟಿರುವುದು ಇಲ್ಲಿಯೇ. ಲಾಂಡ್ರಿಯ ಒಳಗಿನ ಹಿಂಸೆಗಿಂತ ಜಾಸ್ತಿ ಹೊರಗಿನವರ ಮೌನವನ್ನು ಅವರು ತೋರಿಸುತ್ತಾರೆ. ಊರ ಉಸಾಬರಿ ನಮಗ್ಯಾಕೆ ಎನ್ನುವುದು ಫರ್ಲಾಂಗನ ಹೆಂಡತಿಯ ನಿಲುವು. ಅವಳು ಕೆಟ್ಟವಳಲ್ಲ. ಐದು ಹೆಣ್ಣುಮಕ್ಕಳ ತಾಯಿ. ಊರಿನ ಒಳ್ಳೆಯ ಶಾಲೆ ಸಂನ್ಯಾಸಿನಿಯರ ಕೈಯಲ್ಲಿದೆ, ಮಾತಾಡಿದರೆ ಮಕ್ಕಳ ಓದಿಗೇ ಕುತ್ತು. ಆದರೆ ಫರ್ಲಾಂಗನ ತಾಯಿಯೂ ಮದುವೆಯಾಗದೆ ಹೆತ್ತವಳು. ಕೆಲಸಕ್ಕಿದ್ದ ಮನೆಯ ಒಡತಿ ಅವಳನ್ನು ಹೊರಗೆ ಹಾಕಲಿಲ್ಲ. ಹಾಕಿದ್ದರೆ ಅವಳ ಗತಿಯೂ ಅದೇ ಆಗಬಹುದಿತ್ತು. ಇದು ಗೊತ್ತಿರುವುದರಿಂದಲೇ ಅವನಿಗೆ ಸುಮ್ಮನಿರಲು ಆಗುವುದಿಲ್ಲ. ಕಾದಂಬರಿಯ ಜೀವ ಇಲ್ಲಿದೆ ಎಂದು ನನಗನ್ನಿಸುತ್ತದೆ.

ಕೀಗನ್ ಹುಟ್ಟಿದ್ದು 1968ರಲ್ಲಿ, ವಿಕ್ಲೋ ಕೌಂಟಿಯ ರೈತ ಮನೆತನದಲ್ಲಿ. ಹದಿನೇಳಕ್ಕೆ ಓದಲು ಅಮೆರಿಕದ ನ್ಯೂ ಆರ್ಲಿಯನ್ಸ್‌ಗೆ ಹೋದರು. ಮೊದಲ ಕಥಾಸಂಕಲನ 1999ರಲ್ಲಿ ಬಂತು. 2010ರ 'ಫಾಸ್ಟರ್' ಕೂಡ ಪುಟ್ಟ ಪುಸ್ತಕವೇ. ಅವರು ಬರೆಯುವುದು ಕಡಿಮೆ, ಆದರೆ ಒಂದು ಸಾಲೂ ದಂಡವಾಗುವುದಿಲ್ಲ.

ಲಾಂಡ್ರಿಗಳ ಸತ್ಯ ಹೊರಬಿದ್ದಿದ್ದು 1993ರಲ್ಲಿ. ಡಬ್ಲಿನ್‌ನ ಹೈ ಪಾರ್ಕ್ ಕಾನ್ವೆಂಟ್ ತನ್ನ ಜಮೀನು ಮಾರಿತು. ಅಲ್ಲಿದ್ದ ಸಮಾಧಿಗಳನ್ನು ಅಗೆದಾಗ 155 ಹೆಂಗಸರ ಅವಶೇಷಗಳು ಸಿಕ್ಕವು. ಎಷ್ಟೋ ಜನರ ಮರಣಪತ್ರವೇ ಇರಲಿಲ್ಲ. ಕೊನೆಯ ಲಾಂಡ್ರಿ ಮುಚ್ಚಿದ್ದು 1996ರಲ್ಲಿ. 2013ರ ಸರ್ಕಾರಿ ವರದಿಯ ಪ್ರಕಾರ 1922ರಿಂದ ಸುಮಾರು ಹತ್ತು ಸಾವಿರ ಹೆಂಗಸರು ಅಲ್ಲಿದ್ದರು. ಅವರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಜನ ಅಲ್ಲಿಗೆ ಸೇರಿದ್ದರಲ್ಲಿ ಸರ್ಕಾರದ ಕೈವಾಡವಿತ್ತು. ಆ ವರ್ಷ ಪ್ರಧಾನಿ ಎಂಡಾ ಕೆನ್ನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಪರಿಹಾರ ನಿಧಿಗೆ ಹಣ ಕೊಡಲು ಮಾತ್ರ ಆ ನಾಲ್ಕೂ ಪಂಥಗಳು ಒಪ್ಪಲಿಲ್ಲ.