ಪದ ಪರಿಚಯ: ಹಿತಾಸಕ್ತಿಯ ಹಣ ಮತ್ತು ಸಂವಿಧಾನ ತಿದ್ದುಪಡಿ

ಕಲಬುರಗಿಯಲ್ಲಿ ‘ಸಂವಿಧಾನ ತಿದ್ದುಪಡಿ’ ಎಂಬ ಮಾತಿಗೆ ಒಂದು ಹಾಳೆಯ ರೂಪವಿದೆ. ಕಾಲೇಜು ಪ್ರವೇಶದ ದಿನಗಳಲ್ಲಿ ಮಿನಿ ವಿಧಾನಸೌಧದ ಕಡೆ ಹೋದರೆ, ಪ್ಲಾಸ್ಟಿಕ್ ಕವರಿನಲ್ಲಿ 371ಜೆ ಪ್ರಮಾಣಪತ್ರವನ್ನೋ ಅದರ ಅರ್ಜಿಯನ್ನೋ ಹಿಡಿದು ನಿಂತ ಹುಡುಗ ಹುಡುಗಿಯರು ಕಾಣುತ್ತಾರೆ. ಆ ಹಾಳೆಯ ಮೂಲ, ಸಂವಿಧಾನಕ್ಕೆ 371ಜೆ ವಿಧಿಯನ್ನು ಸೇರಿಸಿದ 2012ರ 98ನೇ ತಿದ್ದುಪಡಿ. ಅಂದಿನ ಹೈದರಾಬಾದ್ ಕರ್ನಾಟಕದ, ಇಂದಿನ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಶಿಕ್ಷಣದಲ್ಲಿಯೂ ಸರ್ಕಾರಿ ಹುದ್ದೆಗಳಲ್ಲಿಯೂ ಸ್ಥಳೀಯ ಮೀಸಲಾತಿ ಕೊಡುವುದಕ್ಕೆ ಬೆಂಗಳೂರಿನಲ್ಲಿ ಒಂದು ಸಾಮಾನ್ಯ ಕಾಯಿದೆ ಮಾಡಿದ್ದರೆ ಸಾಕಾಗುತ್ತಿರಲಿಲ್ಲವೇ ಎಂದು ಕೇಳುವವರು ಈಗಲೂ ಇದ್ದಾರೆ. ಸಾಕಾಗುತ್ತಿರಲಿಲ್ಲ, ಏಕೆಂದರೆ ಸಮಾನತೆಯನ್ನು ಹೇಳುವ ಸಂವಿಧಾನದ ವಿಧಿಗಳ ಮುಂದೆ ಅಂಥ ಕಾಯಿದೆ ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟವಿತ್ತು. ಅಡ್ಡಿ ಸಂವಿಧಾನದಲ್ಲಿಯೇ ಇದ್ದುದರಿಂದ ದಾರಿಯನ್ನೂ ಅಲ್ಲಿಯೇ ಮಾಡಬೇಕಾಯಿತು.

ಈ ಒಂದು ವ್ಯತ್ಯಾಸ ಮನಸ್ಸಿನಲ್ಲಿದ್ದರೆ, ಅಮೆರಿಕದ ರಾಜಕೀಯ ಸುದ್ದಿಗಳಲ್ಲಿ ಮತ್ತೆ ಮತ್ತೆ ಕಾಣುವ ‘ಚುನಾವಣೆಯಲ್ಲಿ ವಿಶೇಷ ಹಿತಾಸಕ್ತಿಗಳ ಪ್ರಭಾವವನ್ನು ಮಿತಗೊಳಿಸುವ ಸಂವಿಧಾನ ತಿದ್ದುಪಡಿ’ ಎಂಬ ಉದ್ದನೆಯ ಪದಗುಚ್ಛದ ಅರ್ಥ ಅರ್ಧ ತಿಳಿದಂತೆಯೇ. ತಿದ್ದುಪಡಿ ಎಂದರೆ ಇನ್ನಷ್ಟು ಕಠಿಣವಾದ ಕಾನೂನು ಎಂದು ಬಹಳ ಜನ ಭಾವಿಸುತ್ತಾರೆ. ಅದು ಹಾಗಲ್ಲ. ಸಂವಿಧಾನವೇ, ಅಥವಾ ನ್ಯಾಯಾಲಯವು ಸಂವಿಧಾನಕ್ಕೆ ಹೇಳಿದ ಅರ್ಥವೇ ಅಡ್ಡ ಬಂದಾಗ ಜನಪ್ರತಿನಿಧಿಗಳು ಕೊಡುವ ಉತ್ತರ ಅದು.

ಮೊದಲು ‘ಹಿತಾಸಕ್ತಿ’ಯನ್ನು ನೋಡೋಣ. ಕನ್ನಡ ಪತ್ರಿಕೆಗಳಲ್ಲಿ ಈ ಪದ ‘ಪಟ್ಟಭದ್ರ’ ಎಂಬ ವಿಶೇಷಣವಿಲ್ಲದೆ ಬರುವುದೇ ಅಪರೂಪವಾದ್ದರಿಂದ, ಅದಕ್ಕೊಂದು ಬೈಗುಳದ ಬಣ್ಣ ಹತ್ತಿಬಿಟ್ಟಿದೆ. ಎರಡನ್ನೂ ಬೇರೆ ಮಾಡುವುದು ಒಳ್ಳೆಯದು. ಪಟ್ಟಭದ್ರ ಹಿತಾಸಕ್ತಿ ಎಂದರೆ ಈಗಾಗಲೇ ಪಟ್ಟದಲ್ಲಿ ಭದ್ರವಾಗಿ ಕುಳಿತು, ಏನೂ ಬದಲಾಗದಂತೆ ನೋಡಿಕೊಳ್ಳುವ ಬಳಗ. ವಿಶೇಷ ಹಿತಾಸಕ್ತಿ ಎಂದರೆ ಒಂದು ನಿರ್ದಿಷ್ಟ ವಿಷಯದಲ್ಲಿ ಲಾಭವೋ ನಷ್ಟವೋ ಇರುವ ಯಾವುದೇ ಗುಂಪು. ತೊಗರಿಯನ್ನೇ ತೆಗೆದುಕೊಳ್ಳಿ. ಹೊರದೇಶದ ತೊಗರಿಗೆ ಆಮದು ಸುಂಕ ಇರಬೇಕೇ ಬೇಡವೇ ಎಂಬ ಪ್ರಶ್ನೆಯಲ್ಲಿ ಬಂದರಿನ ಆಮದುದಾರರಿಗೆ ಒಂದು ಹಿತ, ದಾಲ್‌ಮಿಲ್ಲಿನವರಿಗೆ ಇನ್ನೊಂದು, ಆಳಂದ, ಚಿತ್ತಾಪುರದ ಹೊಲಗಳಲ್ಲಿ ಬೆಳೆದು ಗಂಜ್ ಮಾರುಕಟ್ಟೆಗೆ ಚೀಲ ತರುವ ರೈತರಿಗೆ ಮತ್ತೊಂದು, ಕೊಂಡು ಬೇಯಿಸುವವರಿಗೆ ಮಗದೊಂದು. ಇವೆಲ್ಲ ಹಿತಾಸಕ್ತಿಗಳೇ, ರೈತ ಸಂಘವೂ ಸೇರಿದಂತೆ. ಇವುಗಳಲ್ಲಿ ಯಾವುದೂ ತಪ್ಪಲ್ಲ. ತೊಡಕು ಇರುವುದು ಹಂಚಿಕೆಯಲ್ಲಿ. ಸುಂಕದ ಒಂದು ಆದೇಶದಿಂದ ಲಕ್ಷಾಂತರ ರೈತರಿಗೆ ತಲಾ ಕೆಲವು ಸಾವಿರ ರೂಪಾಯಿ ಹೋಗಬಹುದು, ಬೆರಳೆಣಿಕೆಯ ವ್ಯಾಪಾರಿಗಳಿಗೆ ತಲಾ ಕೋಟಿಗಳು ಬರಬಹುದು. ಲಕ್ಷ ಜನ ಸೇರಿ ಪಟ್ಟಿ ಎತ್ತುವುದಕ್ಕಿಂತ ಹತ್ತು ಜನ ಕೂತು ದೇಣಿಗೆ ನಿಶ್ಚಯಿಸುವುದು ಸುಲಭ. ಚುನಾವಣೆಯಲ್ಲಿ ಹಿತಾಸಕ್ತಿಯ ಪ್ರಭಾವ ಎಂದು ಹೇಳುವುದು ಈ ಸುಲಭತೆಯನ್ನೇ.

ಅಮೆರಿಕದಲ್ಲಿ ಕಂಪನಿಗಳು ಸಂಸತ್ ಮತ್ತು ಅಧ್ಯಕ್ಷ ಚುನಾವಣೆಯ ಅಭ್ಯರ್ಥಿಗಳಿಗೆ ದೇಣಿಗೆ ಕೊಡುವುದನ್ನು 1907ರಲ್ಲಿಯೇ ನಿಷೇಧಿಸಲಾಗಿತ್ತು. ಸಾಮಾನ್ಯ ಕಾನೂನೇ ಸಾಕಾಗಿದ್ದ ಕಾಲ ಅದು. ಚಿತ್ರ ಬದಲಾದದ್ದು 1976ರ ಬಕ್ಲಿ ವಿರುದ್ಧ ವ್ಯಾಲಿಯೋ ತೀರ್ಪಿನಿಂದ. ಅಭ್ಯರ್ಥಿಯ ಕೈಗೆ ಕೊಡುವ ದೇಣಿಗೆಗೆ ಮಿತಿ ಹಾಕಬಹುದು, ಆದರೆ ಪ್ರಚಾರಕ್ಕಾಗಿ ಮಾಡುವ ಖರ್ಚಿಗೆ ಮಿತಿ ಹಾಕುವುದು ವಾಕ್ ಸ್ವಾತಂತ್ರ್ಯಕ್ಕೆ ಮಿತಿ ಹಾಕಿದಂತೆ ಎಂದು ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. 2010ರ ಜನವರಿಯಲ್ಲಿ ಸಿಟಿಜನ್ಸ್ ಯುನೈಟೆಡ್ ಪ್ರಕರಣದಲ್ಲಿ ಐದು-ನಾಲ್ಕರ ಬಹುಮತದಿಂದ ಅದೇ ನ್ಯಾಯಾಲಯ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕಂಪನಿಗಳು ಮತ್ತು ಕಾರ್ಮಿಕ ಸಂಘಗಳು ಅಭ್ಯರ್ಥಿಯೊಂದಿಗೆ ಹೊಂದಾಣಿಕೆಯಿಲ್ಲದೆ ಸ್ವತಂತ್ರವಾಗಿ ಮಾಡುವ ಚುನಾವಣಾ ಖರ್ಚಿಗೂ ತಡೆಯಿಲ್ಲ ಎಂದಿತು. ಇಲ್ಲಿ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಕಂಪನಿಗಳು ನೇರವಾಗಿ ಅಭ್ಯರ್ಥಿಗೆ ಹಣ ಕೊಡಲು ಈ ತೀರ್ಪು ಅನುಮತಿಸಲಿಲ್ಲ, ಆ ನಿಷೇಧ ಈಗಲೂ ಇದೆ. ತೆರೆದುಕೊಂಡದ್ದು ಪಕ್ಕದ ಬಾಗಿಲು. ಸೂಪರ್ ಪ್ಯಾಕ್ ಎಂದು ಕರೆಯುವ, ಮಿತಿಯಿಲ್ಲದೆ ಹಣ ಸಂಗ್ರಹಿಸಿ ಖರ್ಚು ಮಾಡುವ ಸಮಿತಿಗಳು ಹುಟ್ಟಿಕೊಂಡದ್ದು ಅದೇ ವರ್ಷ.

ಈಗ ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸು ಹೊಸ ಕಾನೂನು ಮಾಡಿ ಖರ್ಚಿಗೆ ಮಿತಿ ಹಾಕಿದರೆ, ಅದನ್ನು ನ್ಯಾಯಾಲಯ ಮತ್ತೆ ಹೊಡೆದುಹಾಕುತ್ತದೆ. ಉಳಿದಿರುವುದು ಎರಡೇ ದಾರಿ: ನ್ಯಾಯಾಲಯವೇ ಮುಂದೊಂದು ದಿನ ಮನಸ್ಸು ಬದಲಿಸಬೇಕು, ಇಲ್ಲವೇ ಸಂವಿಧಾನವನ್ನು ತಿದ್ದಬೇಕು. ತಿದ್ದುಪಡಿಯ ಕರಡುಗಳು ಸ್ಥೂಲವಾಗಿ ಎರಡು ಬಗೆಯವು. ಮೊದಲನೆಯದು, ಚುನಾವಣೆಗೆ ಹಣ ಸಂಗ್ರಹಿಸುವುದಕ್ಕೂ ಖರ್ಚು ಮಾಡುವುದಕ್ಕೂ ಸೂಕ್ತ ಮಿತಿ ವಿಧಿಸುವ ಅಧಿಕಾರ ಕಾಂಗ್ರೆಸ್ಸಿಗೆ ಮತ್ತು ರಾಜ್ಯಗಳಿಗೆ ಇದೆ ಎಂದಷ್ಟೇ ಹೇಳುತ್ತದೆ. ಎರಡನೆಯದು ಇನ್ನೂ ಆಳಕ್ಕೆ ಹೋಗಿ, ಸಂವಿಧಾನ ಕೊಡುವ ಹಕ್ಕುಗಳು ರಕ್ತ ಮಾಂಸದ ಮನುಷ್ಯರಿಗೆ ಮಾತ್ರ, ಕಂಪನಿಗಳಿಗಲ್ಲ ಎನ್ನುತ್ತದೆ. ಎರಡನೆಯದು ಕೇಳಲು ಚೆನ್ನಾಗಿದೆ, ಆದರೆ ಪತ್ರಿಕೆ ನಡೆಸುವುದೂ ಕಂಪನಿಯೇ, ಅನೇಕ ಸೇವಾ ಸಂಸ್ಥೆಗಳೂ ನೋಂದಾಯಿತ ಸಂಸ್ಥೆಗಳೇ, ಅವುಗಳ ಬಾಯಿಗೂ ಬೀಗ ಬೀಳುವುದಿಲ್ಲವೇ ಎಂಬ ವಿರೋಧಿಗಳ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ನನಗೆ ಮೊದಲ ಬಗೆಯೇ ಹೆಚ್ಚು ವಿವೇಕದ್ದಾಗಿ ಕಾಣುತ್ತದೆ.

ದಾರಿ ಮಾತ್ರ ಕಡಿದಾದದ್ದು. ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತ ಬೇಕು, ಆಮೇಲೆ 50 ರಾಜ್ಯಗಳಲ್ಲಿ 38 ಒಪ್ಪಬೇಕು. 2014ರ ಸೆಪ್ಟೆಂಬರಿನಲ್ಲಿ ಮೇಲ್ಮನೆಯಾದ ಸೆನೆಟ್ಟಿನಲ್ಲಿ ಮೊದಲ ಬಗೆಯ ತಿದ್ದುಪಡಿಯೊಂದು ಮತಕ್ಕೆ ಬಂದಾಗ ಪರವಾಗಿ 54, ವಿರುದ್ಧವಾಗಿ 42 ಮತಗಳು ಬಿದ್ದವು. ಚರ್ಚೆ ಮುಗಿಸಿ ಮುಂದೆ ಸಾಗುವುದಕ್ಕೇ 60 ಬೇಕಿದ್ದುದರಿಂದ ಅದು ಅಲ್ಲಿಯೇ ನಿಂತಿತು. ಆದರೂ ಇದು ಕಂಡುಕೇಳದ ಕೆಲಸವೇನಲ್ಲ. ಆದಾಯ ತೆರಿಗೆಯನ್ನು 1895ರಲ್ಲಿ ಅಲ್ಲಿನ ನ್ಯಾಯಾಲಯ ರದ್ದುಗೊಳಿಸಿದಾಗ, 18 ವರ್ಷಗಳ ನಂತರ, 1913ರಲ್ಲಿ, 16ನೇ ತಿದ್ದುಪಡಿ ಅದನ್ನು ಮರಳಿ ತಂದಿತು. ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದದ್ದು ಅದೇ ವರ್ಷದ 17ನೇ ತಿದ್ದುಪಡಿ. ಅಲ್ಲಿಯವರೆಗೆ ಸೆನೆಟರುಗಳನ್ನು ಆರಿಸುತ್ತಿದ್ದುದು ಜನರಲ್ಲ, ರಾಜ್ಯಗಳ ಶಾಸನಸಭೆಗಳು. ಶಾಸಕರನ್ನು ಕೊಂಡುಕೊಂಡು ಸೆನೆಟರಾಗುತ್ತಾರೆ, ದೊಡ್ಡ ಉದ್ದಿಮೆಗಳು ತಮ್ಮ ಜನರನ್ನು ಕೂರಿಸುತ್ತವೆ ಎಂಬ ದೂರು ದಶಕಗಳ ಕಾಲ ಕೇಳಿ ಬಂದ ಮೇಲೆ, ಆಯ್ಕೆ ನೇರವಾಗಿ ಮತದಾರರ ಕೈಗೆ ಬಂತು.

ಭಾರತದಲ್ಲಿ ಕಥೆ ತಿರುವುಮುರುವಾಗಿದೆ. ಕಳೆದ ಚುನಾವಣೆಯ ಹೊತ್ತಿನಲ್ಲಿ ಪರಿಚಯದ ಟೆಂಟ್‌ಹೌಸ್ ಮಾಲೀಕರೊಬ್ಬರು ಬಾಡಿಗೆ ರಸೀದಿಗಳ ಕಟ್ಟು ತೋರಿಸುತ್ತ, “ನೋಡ್ರಿ ಸರ, ಕುರ್ಚಿ ಎಷ್ಟ, ಶಾಮಿಯಾನ ಎಷ್ಟ, ಎಲ್ಲಾ ಬರಕೊಂಡ ಹೋಗ್ತಾರ. ಟಿವ್ಯಾಗ ದಿನಾ ಬರೋ ಜಾಹೀರಾತಿನ ರೊಕ್ಕ ಯಾರ ಬರಕೋತಾರ?” ಎಂದು ಕೇಳಿದ್ದರು. ಅವರು ಕೇಳಿದ್ದು ಸರಿಯಾದ ಜಾಗದ ಪ್ರಶ್ನೆ. ಜಿಲ್ಲಾ ಚುನಾವಣಾಧಿಕಾರಿಗಳು ಕುರ್ಚಿ, ಚಹಾ, ಉಪಾಹಾರದ ದರಪಟ್ಟಿಯನ್ನೇ ನಿಗದಿಪಡಿಸಿ ಅಭ್ಯರ್ಥಿಯ ಲೆಕ್ಕ ನೋಡುತ್ತಾರೆ. 2022ರಿಂದ ಕರ್ನಾಟಕದಲ್ಲಿ ಅಭ್ಯರ್ಥಿಯ ಖರ್ಚಿನ ಮಿತಿ ಲೋಕಸಭೆಗೆ 95 ಲಕ್ಷ, ವಿಧಾನಸಭೆಗೆ 40 ಲಕ್ಷ ರೂಪಾಯಿ. ನಿರ್ದಿಷ್ಟ ಅಭ್ಯರ್ಥಿಯ ಹೆಸರಿಲ್ಲದೆ ಪಕ್ಷವು ಮಾಡುವ ಸಾಮಾನ್ಯ ಪ್ರಚಾರಕ್ಕೆ ಮಾತ್ರ ಮಿತಿಯೇ ಇಲ್ಲ. ಇದು ಸಂವಿಧಾನದ ಕೊರತೆಯಲ್ಲ. 1974ರಲ್ಲಿ ಕನ್ವರ್ ಲಾಲ್ ಗುಪ್ತಾ ಪ್ರಕರಣದಲ್ಲಿ, ಅಭ್ಯರ್ಥಿಯ ಸಮ್ಮತಿಯಿಂದ ಪಕ್ಷ ಮಾಡಿದ ಖರ್ಚನ್ನೂ ಅಭ್ಯರ್ಥಿಯ ಲೆಕ್ಕಕ್ಕೆ ಸೇರಿಸಬೇಕೆಂದು ಸುಪ್ರೀಂ ಕೋರ್ಟ್ ಹೇಳಿತ್ತು. ಅದೇ ವರ್ಷ ಸಂಸತ್ತು ಪ್ರಜಾಪ್ರತಿನಿಧಿ ಕಾಯಿದೆಯ 77ನೇ ಸೆಕ್ಷನ್‌ಗೆ ಒಂದು ವಿವರಣೆ ಸೇರಿಸಿ ಆ ತೀರ್ಪನ್ನು ನಿಷ್ಫಲಗೊಳಿಸಿತು. ನ್ಯಾಯಾಲಯ ಅರ್ಥ ಹೇಳಿದ್ದು ಸಾಮಾನ್ಯ ಕಾಯಿದೆಗೆ, ಆದ್ದರಿಂದ ಸಾಮಾನ್ಯ ಬಹುಮತವೇ ಸಾಕಾಯಿತು. 2003ರಲ್ಲಿ ಆ ವಿನಾಯಿತಿಯನ್ನು ಒಂದಿಷ್ಟು ಬಿಗಿಗೊಳಿಸಿದ್ದೂ ಸಾಮಾನ್ಯ ಕಾಯಿದೆಯೇ.

ನಮ್ಮ ಕಥೆ ಅಮೆರಿಕದ್ದಕ್ಕೆ ತಿರುವುಮುರುವು ಎಂಬುದು ಚುನಾವಣಾ ಬಾಂಡ್ ಪ್ರಕರಣದಲ್ಲಿ ಇನ್ನೂ ಸ್ಪಷ್ಟ. 2018ರಿಂದ ಜಾರಿಯಲ್ಲಿದ್ದ, 16 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಹಣ ದಾನಿಯ ಹೆಸರು ಹೊರಬರದಂತೆ ಪಕ್ಷಗಳಿಗೆ ಹರಿದ ಆ ಯೋಜನೆಯನ್ನು 2024ರ ಫೆಬ್ರುವರಿ 15ರಂದು ಐವರು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ರದ್ದುಗೊಳಿಸಿತು. ಕಂಪನಿಗಳು ಸರಾಸರಿ ಲಾಭದ 7.5 ಶೇಕಡಾಕ್ಕಿಂತ ಹೆಚ್ಚು ದೇಣಿಗೆ ಕೊಡಬಾರದೆಂಬ ಹಳೆಯ ಮಿತಿಯನ್ನು ತೆಗೆದುಹಾಕಿದ್ದೂ ತಪ್ಪೆಂದಿತು. ಗಮನಿಸಬೇಕಾದದ್ದು ಆಧಾರವಾಗಿ ನಿಂತ ವಿಧಿ. ಅಮೆರಿಕದಲ್ಲಿ ಹಣ ಸುರಿಯುವವರ ಪರವಾಗಿ ನಿಂತದ್ದು ವಾಕ್ ಸ್ವಾತಂತ್ರ್ಯ. ಇಲ್ಲಿ ಅದೇ ವಾಕ್ ಸ್ವಾತಂತ್ರ್ಯದ 19(1)(ಎ) ವಿಧಿ, ಹಣ ಎಲ್ಲಿಂದ ಬಂತೆಂದು ತಿಳಿಯುವ ಮತದಾರನ ಹಕ್ಕಾಗಿ ಒದಗಿತು.

ನಮ್ಮಲ್ಲಿ ಚುನಾವಣೆಯ ವಿಷಯಕ್ಕೆ ಸಂವಿಧಾನವನ್ನು ತಿದ್ದಿಲ್ಲವೆಂದಲ್ಲ. ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿದ್ದು 61ನೇ ತಿದ್ದುಪಡಿ. ಕೆಟ್ಟ ಉದಾಹರಣೆಯೂ ಇದೆ: ಪ್ರಧಾನಿಯ ಆಯ್ಕೆಯನ್ನು ನ್ಯಾಯಾಲಯದ ವಿಚಾರಣೆಯಿಂದ ಹೊರಗಿಡಲು 1975ರಲ್ಲಿ ತಂದ 39ನೇ ತಿದ್ದುಪಡಿ. ಅದೇ ವರ್ಷದ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅದರ ಮುಖ್ಯ ಭಾಗವನ್ನು ಸಂವಿಧಾನದ ಮೂಲ ಸ್ವರೂಪಕ್ಕೆ ವಿರುದ್ಧವೆಂದು ಹೊಡೆದುಹಾಕಿತು. ಅಂದರೆ ಇಲ್ಲಿ ತಿದ್ದುಪಡಿಯೂ ನ್ಯಾಯಾಲಯದ ಕಣ್ಣು ತಪ್ಪಿಸಿ ಹೋಗಲಾರದು.

ಹಾಗಾದರೆ ಪಕ್ಷಗಳ ಖರ್ಚಿಗೂ ಮಿತಿ ಹಾಕಬೇಕೆಂದರೆ ಭಾರತಕ್ಕೆ ತಿದ್ದುಪಡಿ ಬೇಕೇ? 77ನೇ ಸೆಕ್ಷನ್‌ಗೆ ಕೆಲವು ಸಾಲು ಸೇರಿಸಿದರೆ ಸಾಕು ಎಂಬುದು ಮೊದಲ ಉತ್ತರ. 19ನೇ ವಿಧಿಯ ಹಕ್ಕು ನಾಗರಿಕರದು, ಕಂಪನಿ ನಾಗರಿಕನಲ್ಲ ಎಂದು ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಪ್ರಕರಣದಲ್ಲಿ 1963ರಲ್ಲಿಯೇ ತೀರ್ಮಾನವಾಗಿರುವುದರಿಂದ, ಅಮೆರಿಕದ ಎರಡನೇ ಬಗೆಯ ತಿದ್ದುಪಡಿ ಕೇಳುವುದರ ಒಂದು ಪಾಲು ಇಲ್ಲಿ ಈಗಾಗಲೇ ಇದೆ. ಆದರೆ ಪಕ್ಷವೆಂದರೆ ನಾಗರಿಕರ ಕೂಟ, ಅದರ ಸದಸ್ಯರು ತಮ್ಮ ಮಾತಿನ ಹಕ್ಕನ್ನು ಹಿಡಿದು ನ್ಯಾಯಾಲಯಕ್ಕೆ ಹೋಗಬಲ್ಲರು. ಆಗ ಸರ್ಕಾರ ಆ ಮಿತಿಯನ್ನು ಸಮರ್ಥಿಸಿಕೊಳ್ಳಬೇಕಾದದ್ದು 19(2)ರ ಅಡಿಯಲ್ಲಿ. ಮಾತಿನ ಹಕ್ಕಿಗೆ ಕಟ್ಟು ಹಾಕಲು ಅಲ್ಲಿ ಪಟ್ಟಿ ಮಾಡಿರುವ ಕಾರಣಗಳಲ್ಲಿ ದೇಶದ ಸಾರ್ವಭೌಮತೆ ಇದೆ, ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ, ನ್ಯಾಯಾಲಯ ನಿಂದನೆ, ಮಾನಹಾನಿ ಇವೆ. ಚುನಾವಣೆ ಎಂಬ ಪದ ಆ ಪಟ್ಟಿಯಲ್ಲಿಲ್ಲ.