ಕೈಯಿಂದ ಮುಟ್ಟದೆ ಓದಿದ ನಾಣ್ಯ

ಕೊಲಂಬಿಯಾದ ಕಾರ್ತಹೇನಾ ಬಂದರಿನ ಆಚೆ, ಸುಮಾರು 600 ಮೀಟರ್ ಆಳದ ಕಡಲ ತಳದಲ್ಲಿ, ಮುಳುಗಿದ ಹಡಗೊಂದರ ಚಿನ್ನದ ನಾಣ್ಯಗಳು ಚೆಲ್ಲಿಕೊಂಡು ಬಿದ್ದಿದ್ದವು. ಅಷ್ಟು ಆಳಕ್ಕೆ ಈಜಿ ಹೋಗಲು ಆಗುವುದಿಲ್ಲ. ಕ್ಯಾಮೆರಾ ಹೊತ್ತ ಯಂತ್ರ ಇಳಿಸಿ, ಬೇರೆ ಬೇರೆ ಕೋನಗಳಿಂದ ಚಿತ್ರ ತೆಗೆದು, ಅವನ್ನು ಕಂಪ್ಯೂಟರಿನಲ್ಲಿ ಜೋಡಿಸಿದರು. ನಾಣ್ಯವನ್ನು ಮುಟ್ಟದೆಯೇ ಅದರ ಅಗಲ ಸಿಕ್ಕಿತು, ಅಕ್ಷರಗಳೂ ಕಂಡವು. ಈ ಅಧ್ಯಯನ 2025ರಲ್ಲಿ ಪ್ರಕಟವಾಯಿತು.

ಒಂದು ಮುಖದಲ್ಲಿ ಶಿಲುಬೆ, ಕೋಟೆ, ಸಿಂಹ. ಇನ್ನೊಂದರಲ್ಲಿ ಅಲೆಗಳ ಮೇಲೆ ನಿಂತ ಎರಡು ಕಂಬಗಳು. ಪೆರುವಿನ ಲಿಮಾ ಟಂಕಸಾಲೆಯ ‘ಎಲ್’, ಚಿನ್ನದ ಒರೆ ನೋಡಿದ ಅಧಿಕಾರಿ ಫ್ರಾನ್ಸಿಸ್ಕೊ ಹುರ್ತಾದೊ ಅವರ ‘ಎಚ್’, ಜೊತೆಗೆ 1707ರ ಇಸವಿ. ಇದು ಎಂಟು ಎಸ್ಕುಡೊ (ಆಗಿನ ಸ್ಪೇನಿನ ಚಿನ್ನದ ಹಣ) ನಾಣ್ಯ. ತೂಕ ಸುಮಾರು 27 ಗ್ರಾಂ, ಅಂದರೆ ಎರಡು ತೊಲಕ್ಕಿಂತ ಸ್ವಲ್ಪ ಜಾಸ್ತಿ.

ಈ ಹಡಗು ಯಾವುದು ಎಂಬುದಕ್ಕೆ ಆ ಇಸವಿಯೇ ಮುಖ್ಯ ಸಾಕ್ಷಿ. 1707ರ ನಾಣ್ಯ ಹೊತ್ತ ಹಡಗು ಅದಕ್ಕಿಂತ ಮೊದಲು ಮುಳುಗಿರಲು ಸಾಧ್ಯವಿಲ್ಲ, ಅಲ್ವಾ? ಇದು 1708ರಲ್ಲಿ ಮುಳುಗಿದ ಸ್ಪೇನಿನ ಹಡಗು ‘ಸಾನ್ ಹೊಸೆ’ಯ ಕಥೆಗೆ ಸರಿಯಾಗಿ ಹೊಂದುತ್ತದೆ.

1700ರಲ್ಲಿ ಸ್ಪೇನಿನ ದೊರೆ ಎರಡನೇ ಕಾರ್ಲೋಸ್ ಮಕ್ಕಳಿಲ್ಲದೆ ತೀರಿಕೊಂಡ. ಫ್ರಾನ್ಸಿನ ದೊರೆಯ ಮೊಮ್ಮಗ ಫಿಲಿಪ್ ಪಟ್ಟಕ್ಕೆ ಬಂದ. ಇಂಗ್ಲೆಂಡ್, ಹಾಲೆಂಡ್, ಆಸ್ಟ್ರಿಯಾಗಳು ಒಪ್ಪಲಿಲ್ಲ, ಯುದ್ಧ ಶುರುವಾಯಿತು. ಸೈನ್ಯಕ್ಕೆ ದುಡ್ಡು ಬೇಕು. ಆ ದುಡ್ಡು ಅಮೆರಿಕ ಖಂಡದ ಗಣಿಗಳಿಂದ ಹಡಗುಗಳಲ್ಲಿ ಬರಬೇಕು. ಹಾಗಾಗಿ ಬ್ರಿಟಿಷರು ಈ ಹಡಗುಗಳಿಗೇ ಹೊಂಚು ಹಾಕಿದರು. 1708ರ ಜೂನ್ 8ರ ಸಂಜೆ ಬ್ರಿಟಿಷ್ ನೌಕಾಧಿಕಾರಿ ಚಾರ್ಲ್ಸ್ ವೇಜರನ ನೌಕೆಗಳು ಮೇಲೆ ಬಿದ್ದವು. ‘ಸಾನ್ ಹೊಸೆ’ ಸಿಡಿದು ಮುಳುಗಿತು. ಸುಮಾರು 600 ಜನರಲ್ಲಿ ಬದುಕಿದವರು ಬಹಳ ಕಡಿಮೆ. ನಾಣ್ಯದ ಹೊಳಪು ನೋಡುವಾಗ ಇದು ಸತ್ತವರ ಸಮಾಧಿ ಅನ್ನುವುದನ್ನು ಮರೆಯಬಾರದು.

ಮುನ್ನೂರು ವರ್ಷ ಉಪ್ಪು ನೀರಿನಲ್ಲಿದ್ದರೂ ಅಕ್ಷರ ಅಳಿಯಲಿಲ್ಲ, ಯಾಕೆ? ಚಿನ್ನ ಆಮ್ಲಜನಕದ ಜೊತೆ ಸುಲಭಕ್ಕೆ ಸೇರುವುದಿಲ್ಲ, ಹಾಗಾಗಿ ತುಕ್ಕು ಹಿಡಿಯುವುದಿಲ್ಲ. ಬೆಳ್ಳಿಯಾಗಿದ್ದರೆ ಕಪ್ಪಗಾಗಿ ಅಕ್ಷರ ಸವೆದುಹೋಗಬಹುದಿತ್ತು. ಆದರೆ ಬೇರೆ ತೊಡಕಿತ್ತು. ಆಗ ಚಿನ್ನದ ತುಂಡನ್ನು ಅಚ್ಚಿನ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಅಂಚು ಅಂಕುಡೊಂಕು, ಯಾವ ನಾಣ್ಯದಲ್ಲೂ ಮುದ್ರೆ ಪೂರ್ತಿ ಮೂಡಿಲ್ಲ. ಒಂದರಲ್ಲಿ ಕಾಣದ್ದನ್ನು ಇನ್ನೊಂದರಲ್ಲಿ ಹುಡುಕಬೇಕಾಯಿತು.

ಈ ಸಂಪತ್ತು ಯಾರದು ಎಂಬ ಜಗಳದಲ್ಲಿ ಕೊಲಂಬಿಯಾ, ಸ್ಪೇನ್ ಮತ್ತು ಅಮೆರಿಕದ ಒಂದು ಕಂಪನಿ ಇವೆ. ಬೊಲಿವಿಯಾದ ಮೂಲನಿವಾಸಿಗಳಾದ ಖಾರಾ ಖಾರಾ ಜನರೂ ಇದ್ದಾರೆ. ಗಣಿಗಳಲ್ಲಿ ದುಡಿದವರು ತಮ್ಮ ಹಿರಿಯರು ಅನ್ನುವುದು ಅವರ ಮಾತು.