ಷೇರು ಮಾತ್ರ ಇಟ್ಟುಕೊಂಡ ಕಂಪನಿಯ ಲೆಕ್ಕ

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ ಕಡೆಯ ಕೆಲವು ಕಾಫಿ ಕುಟುಂಬಗಳು ತೋಟ ತುಂಡು ತುಂಡಾಗದಿರಲಿ ಎಂದು ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿಕೊಂಡಿವೆ. ತೋಟಕ್ಕೆ ಒಂದು ಕಂಪನಿ, ಕಾಫಿ ಕೊಂಡು ಮಾರುವುದಕ್ಕೆ ಇನ್ನೊಂದು, ಹೋಂಸ್ಟೇ ಬೆಳೆದು ರೆಸಾರ್ಟ್ ಆದಾಗ ಅದಕ್ಕೆ ಮತ್ತೊಂದು. ಈ ಮೂರರ ಷೇರುಗಳನ್ನೂ ಹಿಡಿದುಕೊಂಡು ಮೇಲೆ ಇರುವುದು ಹೋಲ್ಡಿಂಗ್ ಕಂಪನಿ. ಅಣ್ಣತಮ್ಮಂದಿರು, ಮದುವೆಯಾಗಿ ಬೆಂಗಳೂರು ಸೇರಿದ ಅಕ್ಕತಂಗಿಯರು ಎಲ್ಲರ ಪಾಲೂ ಇರುವುದು ಈ ಮೇಲಿನ ಕಂಪನಿಯಲ್ಲಿ.

ಲೆಕ್ಕ ಮುಗಿಸುವ ಕಾಲ ಬಂದಾಗ ನನಗೆ ಬರುವ ಮಾತು ಹೆಚ್ಚುಕಡಿಮೆ ಒಂದೇ: "ಸರ್, ಅದ್ರಲ್ಲೇನು ವ್ಯವಹಾರ ಇದೆ? ಷೇರು ಇಟ್ಕೊಂಡಿರೋದು ಅಷ್ಟೇ. ಹೋದ ವರ್ಷದ್ದನ್ನೇ ಹಾಕಿ ಮುಗಿಸಿ." ನನ್ನ ಅಭಿಪ್ರಾಯ ಇದಕ್ಕೆ ಪೂರ್ತಿ ವಿರುದ್ಧ. ತೋಟದ ಕಂಪನಿಯ ಲೆಕ್ಕದಲ್ಲಿ ಕೂಲಿ, ಗೊಬ್ಬರ, ಕಾಫಿ ಮಾರಿದ ಹಣ ಎಲ್ಲಕ್ಕೂ ಬಿಲ್ಲು, ರಸೀದಿ ಇರುತ್ತವೆ. ಮೇಲಿನ ಕಂಪನಿಯಲ್ಲಿ ಅಂಥ ಆಧಾರ ಕಡಿಮೆ, ತೀರ್ಮಾನಗಳೇ ಜಾಸ್ತಿ. ಆ ತೀರ್ಮಾನಗಳನ್ನು ಯಾವ ಆಧಾರದ ಮೇಲೆ ಮಾಡಿದಿರಿ ಎಂದು ಬರೆದಿಡುವುದೇ ಲೆಕ್ಕಪತ್ರ ನೀತಿ. ಇಡೀ ಕುಟುಂಬದ ಆಸ್ತಿ ಎಷ್ಟು, ಸಾಲ ಎಷ್ಟು ಎಂಬುದು ಒಂದೇ ಹಾಳೆಯಲ್ಲಿ ಕಾಣುವುದೂ ಈ ಕಂಪನಿಯ ಲೆಕ್ಕದಲ್ಲಿ ಮಾತ್ರ.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿಸಬೇಕು. "ನಮ್ಮದು ಚಿಕ್ಕ ಕಂಪನಿ, ನಮಗೆ ವಿನಾಯಿತಿ ಇದೆ" ಎನ್ನುತ್ತಾರೆ. 2013ರ ಕಂಪನಿ ಕಾಯ್ದೆಯ ಕಲಂ 2(85) ಬಂಡವಾಳ ಮತ್ತು ವಹಿವಾಟಿನ ಮಿತಿ ಹೇಳಿ 'ಸಣ್ಣ ಕಂಪನಿ' ಯಾವುದು ಎಂದು ಗುರುತಿಸುತ್ತದೆ. ಆದರೆ ಅದೇ ಕಲಮಿನ ಕೊನೆಯಲ್ಲಿ, ಹೋಲ್ಡಿಂಗ್ ಕಂಪನಿಗೂ ಅದರ ಕೆಳಗಿನ ಕಂಪನಿಗೂ, ಅಂದರೆ ಅಂಗಸಂಸ್ಥೆಗೂ, ಇದು ಅನ್ವಯಿಸುವುದಿಲ್ಲ ಎಂದಿದೆ. ಬಂಡವಾಳ ಬರೀ ಒಂದು ಲಕ್ಷ ಇದ್ದರೂ ಅಷ್ಟೇ. ಹಾಗಾಗಿ ಮೇಲಿನ ಕಂಪನಿ ಮಾತ್ರವಲ್ಲ, ಕೆಳಗಿನ ಮೂರೂ ನಗದು ಹರಿವಿನ ಪಟ್ಟಿ ಮಾಡಬೇಕು. ವರ್ಷಕ್ಕೆ ಎರಡು ಬೋರ್ಡ್ ಮೀಟಿಂಗ್ ಸಾಲದು, ನಾಲ್ಕು ಬೇಕು. ವಾರ್ಷಿಕ ರಿಟರ್ನನ್ನು ಸಣ್ಣ ಕಂಪನಿಗಳ ನಮೂನೆ ಎಂಜಿಟಿ-7ಎ ಬದಲು ಎಂಜಿಟಿ-7ರಲ್ಲಿ ಹಾಕಬೇಕು. ಹೋಲ್ಡಿಂಗ್ ಕಂಪನಿ ಮಾಡಿಕೊಳ್ಳಿ ಎಂದು ಸಲಹೆ ಕೊಡುವವರು ಈ ಖರ್ಚನ್ನೂ ಮೊದಲೇ ಹೇಳಬೇಕು.

ಇದರ ಜೊತೆಗೆ ಗೊಂದಲವಾಗುವ ಇನ್ನೊಂದು ವರ್ಗ ಇದೆ. ಲೆಕ್ಕ ಹೇಗೆ ಬರೆಯಬೇಕು ಎಂದು ಹೇಳುವ ಸೂತ್ರಗಳೇ ಲೆಕ್ಕಪತ್ರ ಮಾನಕಗಳು (ಅಕೌಂಟಿಂಗ್ ಸ್ಟ್ಯಾಂಡರ್ಡ್ಸ್). 2021ರ ಕಂಪನಿ ಲೆಕ್ಕಪತ್ರ ಮಾನಕಗಳ ನಿಯಮದಲ್ಲಿ 'ಸಣ್ಣ ಮತ್ತು ಮಧ್ಯಮ ಗಾತ್ರದ ಕಂಪನಿ' ಎಂಬುದಿದೆ. ಹಿಂದಿನ ವರ್ಷದ ವಹಿವಾಟು 250 ಕೋಟಿ ಮೀರಿರಬಾರದು, ಆ ವರ್ಷದಲ್ಲಿ ಯಾವತ್ತೂ ಸಾಲ 50 ಕೋಟಿ ದಾಟಿರಬಾರದು, ಕಂಪನಿ ಷೇರುಪೇಟೆಯಲ್ಲಿ ಇರಬಾರದು. ಬ್ಯಾಂಕು, ವಿಮೆಯಂಥ ಸಂಸ್ಥೆಗಳಿಗೆ ಇದು ಸಿಗುವುದಿಲ್ಲ. ಗುಂಪಿನ ಉಳಿದ ಕಂಪನಿಗಳೂ ಇದೇ ವರ್ಗದಲ್ಲಿದ್ದರೆ ಹೋಲ್ಡಿಂಗ್ ಕಂಪನಿಗೂ ಈ ಸೌಲಭ್ಯ ಸಿಗುತ್ತದೆ. ನಮ್ಮ ಭಾಗದ ಬಹುತೇಕ ಕುಟುಂಬ ಕಂಪನಿಗಳು ಇದರೊಳಗೆ ಬರುತ್ತವೆ. ಆದರೆ ಇಲ್ಲಿ ಸಿಗುವುದು ಕೆಲವು ಮಾನಕಗಳಲ್ಲಿನ ರಿಯಾಯಿತಿ ಮಾತ್ರ. ಕಾಯ್ದೆಯ ಸಣ್ಣ ಕಂಪನಿಯೂ ಮಾನಕಗಳ ಸಣ್ಣ ಕಂಪನಿಯೂ ಬೇರೆ ಬೇರೆ.

ಇನ್ನು ನೀತಿಯ ವಿಚಾರ. ಬ್ಯಾಲೆನ್ಸ್ ಶೀಟಿನ ಹಿಂದೆ ಟಿಪ್ಪಣಿಗಳಿರುತ್ತವೆ, ಅದರಲ್ಲಿ ಮೊದಲ ಟಿಪ್ಪಣಿಯನ್ನು ಯಾರೂ ಓದುವುದಿಲ್ಲ. "ದಾಸ್ತಾನನ್ನು ವೆಚ್ಚ ಅಥವಾ ನಿವ್ವಳ ಮಾರಾಟ ಮೌಲ್ಯ, ಯಾವುದು ಕಡಿಮೆಯೋ ಅದಕ್ಕೆ ತೋರಿಸಲಾಗಿದೆ" ಎಂಬ ಸಾಲನ್ನು ಒಂದು ಮೂಟೆ ಕಾಫಿಯೂ ಇಲ್ಲದ ಹೋಲ್ಡಿಂಗ್ ಕಂಪನಿಯ ಟಿಪ್ಪಣಿಯಲ್ಲಿ ಕಂಡಿದ್ದೇನೆ. ಎಲ್ಲಿಂದಲೋ ಎತ್ತಿ ಹಾಕಿದ್ದು. ಅದೇ ಟಿಪ್ಪಣಿಯಲ್ಲಿ ಹೂಡಿಕೆಯ ಬಗ್ಗೆ ಒಂದು ಮಾತೂ ಇರಲಿಲ್ಲ, ಕಂಪನಿಯ ಆಸ್ತಿಯೆಲ್ಲ ಹೂಡಿಕೆಯೇ ಆಗಿದ್ದರೂ.

ಮಾನಕ 13ರ ಪ್ರಕಾರ ದೀರ್ಘಾವಧಿ ಹೂಡಿಕೆಯನ್ನು ಕೊಂಡ ಬೆಲೆಗೇ ತೋರಿಸಬೇಕು. ಅದರ ಮೌಲ್ಯ ತಾತ್ಕಾಲಿಕವಲ್ಲದ ರೀತಿಯಲ್ಲಿ ಕುಸಿದಿದ್ದರೆ ಆ ಕುಸಿತವನ್ನು ಕಳೆಯಬೇಕು. ತಾತ್ಕಾಲಿಕವೋ ಅಲ್ಲವೋ ಎಂದು ನಿರ್ಧರಿಸುವುದೇ ಕಷ್ಟದ ಕೆಲಸ. ತೋಟದ ಕಂಪನಿ ಹಳೆಯ ಗಿಡ ಕಿತ್ತು ಹೊಸದು ನೆಟ್ಟಿದೆ ಎನ್ನಿ. ಫಸಲು ಬರಲು ಮೂರು ನಾಲ್ಕು ವರ್ಷ ಬೇಕು, ಅಲ್ಲಿಯವರೆಗೆ ನಷ್ಟ ಕಾಣಬಹುದು. ನಾನು ಅದನ್ನು ಕುಸಿತ ಎನ್ನುವುದಿಲ್ಲ. ರೆಸಾರ್ಟ್ ಕಂಪನಿ ಮಾತ್ರ ವರ್ಷ ವರ್ಷ ನಷ್ಟ ಮಾಡಿ ಬಂಡವಾಳವನ್ನೇ ತಿಂದುಹಾಕಿದೆ, ಬ್ಯಾಂಕಿನ ಕಂತು ಕಟ್ಟಲು ಅಣ್ಣನ ಕೈಸಾಲವೇ ಗತಿಯಾಗಿದೆ ಎಂದಾದರೆ ಆ ಷೇರನ್ನು ಮೂಲ ಬೆಲೆಗೇ ತೋರಿಸುವುದು ಕುಟುಂಬದವರಿಗೇ ಸುಳ್ಳು ಹೇಳಿದಂತೆ. "ಸೀಸನ್ ಚೆನ್ನಾಗಿ ಬಂದ್ರೆ ಸರಿ ಹೋಗುತ್ತೆ" ಎಂಬುದು ಆಸೆ. ಮುಂಗಡ ಬುಕಿಂಗ್, ಸಾಲದ ಮರುಹೊಂದಾಣಿಕೆಯ ಪತ್ರ ಇಂಥದ್ದು ಕೈಯಲ್ಲಿದ್ದರೆ ಅದು ಆಧಾರ. ಆಧಾರ ಏನಿತ್ತು ಎಂಬುದನ್ನು ಬೋರ್ಡ್ ನಡಾವಳಿಯಲ್ಲಿ ಬರೆಸಿ ಎಂದು ನಾನು ಒತ್ತಾಯ ಮಾಡುತ್ತೇನೆ.

ಲಾಭಾಂಶದ ವಿಚಾರ ಸರಳ, ಆದರೂ ಜಗಳಕ್ಕೆ ಕಾರಣವಾಗುತ್ತದೆ. ತೋಟದ ಕಂಪನಿಯ ಬೋರ್ಡು ಆಗಸ್ಟ್‌ನಲ್ಲಿ ಕಳೆದ ವರ್ಷದ ಲಾಭಾಂಶ ಶಿಫಾರಸು ಮಾಡುತ್ತದೆ, ಸೆಪ್ಟೆಂಬರ್ ಮಹಾಸಭೆ ಒಪ್ಪುತ್ತದೆ. ಮಾನಕ 9ರಂತೆ, ಪಡೆಯುವ ಹಕ್ಕು ಹುಟ್ಟಿದ ಮೇಲೆ ಮಾತ್ರ ಅದು ಹೋಲ್ಡಿಂಗ್ ಕಂಪನಿಯ ಆದಾಯ. ಅಂದರೆ ಈ ಸೆಪ್ಟೆಂಬರಿನ ಲಾಭಾಂಶ ಕಳೆದ ಮಾರ್ಚಿನ ಲೆಕ್ಕಕ್ಕೆ ಬಾರದು. ಅದೇ ವರ್ಷ ಬೇಕೇ ಬೇಕು ಎನ್ನುವವರು ಮಾರ್ಚ್ 31ರ ಒಳಗೆ ಮಧ್ಯಂತರ ಲಾಭಾಂಶ ಘೋಷಿಸಬೇಕು.

ಈಗ ಮುಖ್ಯ ಸಂಗತಿ: ಎಲ್ಲ ಕಂಪನಿಗಳನ್ನೂ ಸೇರಿಸಿ ಮಾಡುವ ಕ್ರೋಡೀಕೃತ ಲೆಕ್ಕ. ಕಲಂ 129(3)ರ ಪ್ರಕಾರ ಒಂದೇ ಒಂದು ಅಂಗಸಂಸ್ಥೆ ಇದ್ದರೂ ಇದು ಕಡ್ಡಾಯ. ವಿನಾಯಿತಿ ಇರುವುದು ಮಧ್ಯದ ಹಂತದ ಕೆಲವು ಕಂಪನಿಗಳಿಗೆ, ಅವುಗಳ ಮೇಲೆ ಲೆಕ್ಕ ಸಲ್ಲಿಸುವ ಇನ್ನೊಂದು ಕಂಪನಿ ಇದ್ದಾಗ. ಕುಟುಂಬದ ತುದಿಯ ಕಂಪನಿಗೆ ಅದು ಸಿಗುವುದಿಲ್ಲ. ನಾಲ್ಕೂ ಬ್ಯಾಲೆನ್ಸ್ ಶೀಟಿನ ಅಂಕಿಗಳನ್ನು ಎಕ್ಸೆಲ್‌ನಲ್ಲಿ ಕೂಡಿದರೆ ಆಯಿತು ಎಂದುಕೊಂಡವರಿದ್ದಾರೆ. ಕೂಡುವುದು ಸುಲಭ, ಕಳೆಯುವುದರಲ್ಲೇ ಕೆಲಸ ಇರುವುದು.

ನಮ್ಮ ಮಾರ್ಚ್ 31 ಎಂಥ ದಿನ ನೋಡಿ. ಅರೇಬಿಕಾ ಕೊಯ್ಲು ಮುಗಿದು, ತಿರುಳು ತೆಗೆದು ಒಣಗಿಸಿದ ಪಾರ್ಚ್‌ಮೆಂಟ್ ಆಗಿ ಒಳಸಿಪ್ಪೆ ತೆಗೆದು ಹದಮಾಡುವ ಕ್ಯೂರಿಂಗ್ ವರ್ಕ್ಸ್ ಸೇರಿರುತ್ತದೆ. ರೋಬಸ್ಟಾ ಕಣದಿಂದ ಆಗಷ್ಟೇ ಗೋದಾಮಿಗೆ ಬಂದಿರುತ್ತದೆ. ಬೆಲೆ ಇನ್ನೂ ಏರಲಿ ಎಂದು ಕಾಯುವವರೂ ಇರುತ್ತಾರೆ. ವರ್ಷದ ಅತಿ ದೊಡ್ಡ ದಾಸ್ತಾನು ಲೆಕ್ಕ ಮುಚ್ಚುವ ದಿನವೇ ಕೈಯಲ್ಲಿರುತ್ತದೆ.

ಒಂದು ಲೆಕ್ಕ ಹೀಗಿರಲಿ. ತೋಟದ ಕಂಪನಿಗೆ 60 ಲಕ್ಷ ವೆಚ್ಚವಾದ ಕಾಫಿಯನ್ನು ಅದೇ ಗುಂಪಿನ ವ್ಯಾಪಾರದ ಕಂಪನಿಗೆ 90 ಲಕ್ಷಕ್ಕೆ ಮಾರಲಾಗಿದೆ. ಮಾರ್ಚ್ 31ಕ್ಕೆ ಅರ್ಧ ಕಾಫಿ ಹೊರಗೆ ಮಾರಾಟವಾಗಿದೆ, ಅರ್ಧ ಗೋದಾಮಿನಲ್ಲಿದೆ. ವ್ಯಾಪಾರದ ಕಂಪನಿಯ ಪುಸ್ತಕದಲ್ಲಿ ಆ ಅರ್ಧದ ಬೆಲೆ 45 ಲಕ್ಷ. ಕುಟುಂಬದ ದೃಷ್ಟಿಯಿಂದ ಅದರ ವೆಚ್ಚ 30 ಲಕ್ಷ ಮಾತ್ರ. ನಡುವಿನ 15 ಲಕ್ಷ ಇನ್ನೂ ಯಾವ ಹೊರಗಿನವನಿಂದಲೂ ಬಂದಿಲ್ಲ. ಮಾನಕ 21ರಂತೆ ಆ 15 ಲಕ್ಷವನ್ನು ದಾಸ್ತಾನಿನಿಂದಲೂ ಲಾಭದಿಂದಲೂ ಪೂರ್ತಿ ತೆಗೆಯಬೇಕು. 90 ಲಕ್ಷದ ಮಾರಾಟ ಒಂದು ಕಡೆ, 90 ಲಕ್ಷದ ಖರೀದಿ ಇನ್ನೊಂದು ಕಡೆ, ಎರಡೂ ಹೋಗಬೇಕು. ಒಂದು ಕಂಪನಿ ಇನ್ನೊಂದಕ್ಕೆ ಕೊಟ್ಟ ಸಾಲ, ಬಡ್ಡಿ, ಲಾಭಾಂಶ ಎಲ್ಲಕ್ಕೂ ಇದೇ ನಿಯಮ. ಇದನ್ನು ಮಾಡದೆ ಒಟ್ಟು ಲಾಭ ತೋರಿಸಿ, ಅದರ ಮೇಲೆ ಪಾಲಿನ ಮಾತುಕತೆಗೆ ಕೂತರೆ, ಇಲ್ಲದ ಹಣವನ್ನು ಹಂಚಲು ಹೊರಟಂತಾಗುತ್ತದೆ.

ದಾಸ್ತಾನಿನ ನೀತಿಯಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಬೆಳೆಗಾರರ ಕೊಯ್ಲಾದ ಫಸಲನ್ನು ಆ ಉದ್ಯಮದ ರೂಢಿಯಂತೆ ನಿವ್ವಳ ಮಾರಾಟ ಮೌಲ್ಯದಲ್ಲಿ (ಮಾರುವ ಖರ್ಚು ಕಳೆದು ಕೈಗೆ ಬರುವ ಬೆಲೆಯಲ್ಲಿ) ತೋರಿಸುವುದಾದರೆ ಮಾನಕ 2 ಅಡ್ಡ ಬರುವುದಿಲ್ಲ. ಮಾರಾಟ ಖಚಿತವಾಗಿರುವಾಗ ಅಥವಾ ಮಾಲು ಉಳಿದುಹೋಗುವ ಭಯ ತೀರಾ ಕಡಿಮೆ ಇರುವ ಮಾರುಕಟ್ಟೆ ಇರುವಾಗ ಹೀಗೆ ಮಾಡುತ್ತಾರೆ. ಈ ಅವಕಾಶ ಇರುವುದು ಬೆಳೆದವನಿಗೆ. ಕೊಂಡು ಮಾರುವ ಕಂಪನಿ ವೆಚ್ಚ ಮತ್ತು ಮಾರಾಟ ಮೌಲ್ಯದಲ್ಲಿ ಕಡಿಮೆಯದನ್ನೇ ಹಾಕಬೇಕು. ಯಾವ ದಾರಿ ಹಿಡಿದರೂ ಅದನ್ನೇ ಹಿಡಿದು ನಡೆಯಬೇಕು. ಬೆಲೆ ಏರಿದ ವರ್ಷ ಒಂದು ನೀತಿ, ಇಳಿದ ವರ್ಷ ಇನ್ನೊಂದು ಎಂದರೆ ಆಗದು. ಕಾನೂನೋ ಮಾನಕವೋ ಕೇಳಿದರೆ, ಇಲ್ಲವೇ ಹೊಸ ನೀತಿಯಿಂದ ಲೆಕ್ಕ ಇನ್ನೂ ಸರಿಯಾಗಿ ಕಾಣುವುದಾದರೆ ಮಾತ್ರ ಬದಲಾಯಿಸಬಹುದು, ಬದಲಾವಣೆಯಿಂದ ಲಾಭ ಎಷ್ಟು ಹೆಚ್ಚುಕಡಿಮೆಯಾಯಿತು ಎಂದೂ ಬರೆಯಬೇಕು. ಗಿಡಗಳ ವಿಷಯಕ್ಕೂ ಇಂಥದ್ದೇ ಆಯ್ಕೆ ಬರುತ್ತದೆ. ಕಾಫಿ ಗಿಡ, ಮೆಣಸಿನ ಬಳ್ಳಿ ವರ್ಷ ವರ್ಷ ಫಸಲು ಕೊಡುವಂಥವು, ಮಾನಕ 10ರಂತೆ ಸ್ಥಿರಾಸ್ತಿ, ಸವಕಳಿ ಹಾಕಬೇಕು. ಮೆಣಸು ಹಬ್ಬಿಸಿದ ಸಿಲ್ವರ್ ಓಕನ್ನು ಮುಂದೆ ಮರಕ್ಕೆ ಕಡಿದು ಮಾರುವ ಉದ್ದೇಶ ಇದ್ದರೆ ಅದು ಆ ಗುಂಪಿಗೆ ಸೇರುವುದಿಲ್ಲ. ತೋಟದಲ್ಲಿ ನಿಂತು ನೋಡಿ ಬರೆಯಬೇಕಾದ ನೀತಿ ಇದು.

ಚಿಕ್ಕಪ್ಪನ ಮಕ್ಕಳು ತೋಟದ ಕಂಪನಿಯಲ್ಲೇ ನೇರವಾಗಿ ಶೇ. 20 ಷೇರು ಇಟ್ಟುಕೊಂಡಿದ್ದರೆ, ಕ್ರೋಡೀಕೃತ ಲೆಕ್ಕದಲ್ಲಿ ಅವರ ಪಾಲನ್ನು ಅಲ್ಪಸಂಖ್ಯಾತ ಷೇರುದಾರರ ಹಿತ ಎಂದು ಬೇರೆಯಾಗಿ ತೋರಿಸಬೇಕು. ಮನೆಯವರೇ ತಾನೆ ಎಂದು ಬಿಡುವಂತಿಲ್ಲ.

ಸಾಲದ ಬಗ್ಗೆ ಎರಡು ಎಚ್ಚರಿಕೆ. ಕಂಪನಿ ಕೊಡುವ ಸಾಲಕ್ಕೆ ಕಲಂ 186ರಂತೆ ಅವಧಿಗೆ ಹೊಂದುವ ಸರ್ಕಾರಿ ಸಾಲಪತ್ರದ ಇಳುವರಿಗಿಂತ ಕಡಿಮೆ ಬಡ್ಡಿ ಹಾಕುವಂತಿಲ್ಲ. ನಿರ್ದೇಶಕರ ಮನೆ ಖರ್ಚು, ಮಕ್ಕಳ ಕಾಲೇಜು ಫೀಸು ಕಂಪನಿ ಖಾತೆಯಿಂದ ಹೋಗಿ ಅವರ ಹೆಸರಿನಲ್ಲಿ ಬಾಕಿ ನಿಂತರೆ ಅದು ಕಲಂ 185 ತಡೆಯುವ ಸಾಲವಾಗಬಹುದು. ವರ್ಷದ ಕೊನೆಗೆ ಜಮೆ ಮಾಡಿ ಏಪ್ರಿಲ್‌ನಲ್ಲಿ ಮತ್ತೆ ತೆಗೆಯುವ ಪದ್ಧತಿ ಇದಕ್ಕೆ ಪರಿಹಾರವಲ್ಲ. 2023ರ ಏಪ್ರಿಲ್ 1ರಿಂದ ಕಂಪನಿಯ ಲೆಕ್ಕದ ಸಾಫ್ಟ್‌ವೇರಿನಲ್ಲಿ ಪ್ರತಿ ತಿದ್ದುಪಡಿಯ ದಾಖಲೆ ಉಳಿಯಲೇಬೇಕು ಎಂಬ ನಿಯಮವೂ ಇದೆ.

ರಿಸರ್ವ್ ಬ್ಯಾಂಕಿನ ಪ್ರಶ್ನೆಯನ್ನೂ ಮರೆಯಬಾರದು. ಆಸ್ತಿಯಲ್ಲೂ ಆದಾಯದಲ್ಲೂ ಅರ್ಧಕ್ಕಿಂತ ಹೆಚ್ಚು ಹಣಕಾಸು ಸ್ವತ್ತಿನದೇ ಆದರೆ ಕಂಪನಿಯನ್ನು ಬ್ಯಾಂಕೇತರ ಹಣಕಾಸು ಸಂಸ್ಥೆ ಎಂದು ನೋಡುತ್ತಾರೆ. ಷೇರು ಮಾತ್ರ ಹಿಡಿದ ಕಂಪನಿ ಇದಕ್ಕೆ ನೇರವಾಗಿ ಸಿಕ್ಕಿಬೀಳುತ್ತದೆ. ನಿವ್ವಳ ಆಸ್ತಿಯ ಕನಿಷ್ಠ ಶೇ. 90 ಗುಂಪಿನ ಕಂಪನಿಗಳಲ್ಲೇ ಇದ್ದು, ಕನಿಷ್ಠ ಶೇ. 60 ಅವುಗಳ ಈಕ್ವಿಟಿ ಷೇರಿನಲ್ಲೇ ಇದ್ದು, ಆ ಷೇರುಗಳನ್ನು ಕೊಂಡು ಮಾರುವ ವ್ಯವಹಾರ ಇಲ್ಲದಿದ್ದರೆ ಅದು ಕೋರ್ ಇನ್ವೆಸ್ಟ್‌ಮೆಂಟ್ ಕಂಪನಿ. ಒಟ್ಟು ಆಸ್ತಿ 100 ಕೋಟಿಯೊಳಗಿದ್ದರೆ ಅದಕ್ಕೆ ರಿಸರ್ವ್ ಬ್ಯಾಂಕಿನ ನೋಂದಣಿ ಬೇಡ. ಆದರೆ ಜಮೀನು ಮಾರಿದ ಹಣವನ್ನು ಹೋಲ್ಡಿಂಗ್ ಕಂಪನಿಯ ಹೆಸರಿನಲ್ಲಿ ಈಕ್ವಿಟಿ ಮ್ಯೂಚುವಲ್ ಫಂಡಿಗೆ ಹಾಕಿದರೆ ಆ ಶೇ. 90 ಜಾರಬಹುದು. ಹಾಕುವ ಮೊದಲು ಆಡಿಟರನ್ನು ಕೇಳಿ.

ಕೆಲಸದ ಕ್ರಮ ಹೀಗಿರಲಿ. ಮಾರ್ಚ್ ಮೊದಲ ವಾರದಲ್ಲೇ ನಾಲ್ಕೂ ಕಂಪನಿಗಳ ನೀತಿಗಳನ್ನು ಎದುರುಬದುರು ಇಟ್ಟು ಓದಿ, ಎಲ್ಲಿ ಹೊಂದುವುದಿಲ್ಲವೋ ಅಲ್ಲಿ ಬೋರ್ಡು ತೀರ್ಮಾನಿಸಲಿ. ಮಾರ್ಚ್ 31ರ ದಿನಾಂಕ ಹಾಕಿಸಿ ಕ್ಯೂರಿಂಗ್ ವರ್ಕ್ಸ್‌ನಿಂದ ದಾಸ್ತಾನಿನ ಪತ್ರ ತನ್ನಿ, ಯಾವ ಕಂಪನಿಯ ಹೆಸರಿನಲ್ಲಿ ಎಷ್ಟು ಮೂಟೆ, ಪಾರ್ಚ್‌ಮೆಂಟೋ ಹಣ್ಣು ಹಾಗೇ ಒಣಗಿಸಿದ ಚೆರಿಯೋ ಎಂಬುದು ಅದರಲ್ಲಿರಲಿ. ಗುಂಪಿನೊಳಗಿನ ಬಾಕಿಗಳನ್ನು ಏಪ್ರಿಲ್‌ನಲ್ಲೇ ತಾಳೆ ಮಾಡಿ, ಸೆಪ್ಟೆಂಬರ್ ತನಕ ಬಿಟ್ಟರೆ ಯಾರಿಗೂ ನೆನಪಿರುವುದಿಲ್ಲ. ಮಹಾಸಭೆ ಸೆಪ್ಟೆಂಬರ್ 30ರೊಳಗೆ, ಅಲ್ಲಿಂದ 30 ದಿನದಲ್ಲಿ ಲೆಕ್ಕ ಸಲ್ಲಿಸುವ ನಮೂನೆ ಎಒಸಿ-4, ಜೊತೆಗೆ ಅಂಗಸಂಸ್ಥೆಗಳ ಮುಖ್ಯ ಅಂಕಿಗಳ ಎಒಸಿ-1. ಕಾಯ್ದೆ ಕೇಳದ ಒಂದು ಕೆಲಸವನ್ನೂ ನಾನು ಮಾಡಿಸುತ್ತೇನೆ: ಹೂಡಿಕೆ, ದಾಸ್ತಾನು, ಗುಂಪಿನೊಳಗಿನ ಮಾರಾಟ, ಲಾಭಾಂಶ ಇವುಗಳ ನೀತಿಯನ್ನು ಕನ್ನಡದಲ್ಲಿ ಒಂದು ಪುಟ ಬರೆಸಿ, ಮಹಾಸಭೆಯ ನೋಟಿಸಿನ ಜೊತೆಗೇ ಪ್ರತಿ ಷೇರುದಾರರಿಗೂ ಕಳಿಸುವುದು. ತೋಟಕ್ಕೆ ದಿನವೂ ಹೋಗುವ ಅಣ್ಣನಿಗೆ ಆ ಪುಟ ಅಷ್ಟು ಬೇಕಾಗಲಿಕ್ಕಿಲ್ಲ, ವರ್ಷಕ್ಕೊಮ್ಮೆ ಊರಿಗೆ ಬರುವ ತಂಗಿಗೆ ಬೇಕು.